ಯಾರ ಬಳಿಗೆ ಮೊದಲು?

ಶುಶ್ರೂಷಾ ಶಾಲೆಯ ಹೊಸ್ತಿಲು ದಾಟಿದ ಹುಡುಗಿಗೆ ಮೊದಲ ವರ್ಷದಲ್ಲಿ ಕಲಿಸುವುದೆಲ್ಲವೂ ಒಂದೇ ಮಾತಿನ ವಿಸ್ತಾರ: ಮುಂದಿರುವ ರೋಗಿಯೇ ಸರ್ವಸ್ವ. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕು ಉಳಿಯಬಾರದು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಔಷಧಿಯ ಚೀಟಿಯನ್ನು ಮೂರು ಸಲ ಓದಿ ನೋಡಬೇಕು. ಅವಸರವೆಂಬುದು ಅಲ್ಲಿ ದೋಷ. ರೋಗಿಯನ್ನು ನಡುವೆ ಬಿಟ್ಟು ಹೋಗುವುದಂತೂ ಅಪರಾಧ. ಹೀಗೆ ಪಳಗಿದವಳ ಮುಂದೆ ಒಂದು ದಿನ ಐವತ್ತು ಗಾಯಾಳುಗಳನ್ನು ಒಮ್ಮೆಗೇ ತಂದು ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿದರೆ ಏನಾದೀತು? ಬಸ್ಸು ಉರುಳಿರಬಹುದು, ಕಟ್ಟಡ ಕುಸಿದಿರಬಹುದು, ಬೆಂಕಿ ಬಿದ್ದಿರಬಹುದು. ಆ ಗಳಿಗೆಯಲ್ಲಿ ಅವಳು ಮಾಡಬೇಕಾದ ಮೊದಲ ಕೆಲಸ ಈವರೆಗೆ ಕಲಿತುದಕ್ಕೆ ನೇರ ವಿರುದ್ಧವಾದುದು. ಒಬ್ಬನ ಬಳಿ ನಿಲ್ಲದೆ ಮುಂದಿನವನ ಬಳಿಗೆ ನಡೆಯಬೇಕು.

ಗಾಯಾಳುಗಳನ್ನು ಹೀಗೆ ವಿಂಗಡಿಸುವ ಕೆಲಸಕ್ಕೆ ವೈದ್ಯರು ಟ್ರಯಾಜ್ ಎನ್ನುತ್ತಾರೆ. ಫ್ರೆಂಚ್ ಭಾಷೆಯ ಈ ಪದಕ್ಕೆ ಮೊದಲು ಆಸ್ಪತ್ರೆಯ ಸಂಬಂಧವೇ ಇರಲಿಲ್ಲ. ಉಣ್ಣೆಯನ್ನೂ ಕಾಫಿ ಬೀಜವನ್ನೂ ದರ್ಜೆಯಂತೆ ಆರಿಸಿ ಬೇರ್ಪಡಿಸುವುದಕ್ಕೆ ವ್ಯಾಪಾರಿಗಳು ಇಟ್ಟ ಹೆಸರು ಅದು. (ಚಿಕ್ಕಮಗಳೂರು, ಕೊಡಗಿನ ಓದುಗರಿಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ.) ನೆಪೋಲಿಯನ್ನನ ಸೇನೆಯಲ್ಲಿದ್ದ ಲಾರೆ ಎಂಬ ಶಸ್ತ್ರವೈದ್ಯ, ಗಾಯಾಳುವಿನ ಪದವಿಯನ್ನು ಬದಿಗಿಟ್ಟು ಗಾಯದ ತೀವ್ರತೆಯನ್ನು ನೋಡಿಯೇ ಚಿಕಿತ್ಸೆಯ ಸರದಿಯನ್ನು ಗೊತ್ತುಮಾಡಿದ. ಇಂದು ಬಹುಕಡೆ ಬಳಕೆಯಲ್ಲಿರುವ ‘ಸ್ಟಾರ್ಟ್’ ಪದ್ಧತಿಯನ್ನು 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಊರಿನ ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಕೂಡಿ ರೂಪಿಸಿದರು.

ಪದ್ಧತಿ ಕೇಳುವುದಕ್ಕೆ ಬಹು ಸರಳ. ‘ನಡೆಯಬಲ್ಲವರೆಲ್ಲ ಇತ್ತ ಬನ್ನಿ’ ಎಂದು ಮೊದಲು ಗಟ್ಟಿಯಾಗಿ ಕೂಗಬೇಕು. ಬಂದವರಿಗೆ ಹಸಿರು ಚೀಟಿ, ಅವರು ಕಾಯಬಲ್ಲರು. ಉಳಿದವರಲ್ಲಿ ಒಬ್ಬೊಬ್ಬರ ಬಳಿ ಕಳೆಯಬಹುದಾದದ್ದು ಒಂದು ನಿಮಿಷಕ್ಕೂ ಕಡಿಮೆ. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದೆಯೆ? ಉಗುರನ್ನು ಒತ್ತಿ ಬಿಟ್ಟ ಮೇಲೆ 2 ಸೆಕೆಂಡಿನೊಳಗೆ ಕೆಂಪು ಮರಳಿತೆ? ‘ನನ್ನ ಕೈ ಹಿಡಿ’ ಎಂದರೆ ಹಿಡಿಯುತ್ತಾನೆಯೆ? ಇವುಗಳಲ್ಲಿ ಒಂದು ತಪ್ಪಿದರೂ ಕೆಂಪು ಚೀಟಿ. ಅವನಿಗೆ ಮೊದಲ ಸರದಿ. ಮೂರೂ ಸರಿಯಿದ್ದರೆ ಹಳದಿ. ಉಸಿರಿಲ್ಲದವನ ಗದ್ದವನ್ನೆತ್ತಿ ಶ್ವಾಸಮಾರ್ಗವನ್ನು ತೆರೆಯಬೇಕು. ಆಗಲೂ ಉಸಿರು ಬಾರದಿದ್ದರೆ ಕಪ್ಪು ಚೀಟಿ ಕಟ್ಟಿ ಮುಂದೆ ಸಾಗಬೇಕು.

ಬರೆಯುವಾಗ ಒಂದೇ ಸಾಲು, ‘ಮುಂದೆ ಸಾಗಬೇಕು’. ಆ ಕಪ್ಪು ಚೀಟಿಯ ದೇಹ ತನ್ನ ತಮ್ಮನ ವಯಸ್ಸಿನ ಹುಡುಗನದಾಗಿದ್ದರೆ ಇಪ್ಪತ್ತು ವರ್ಷದ ವಿದ್ಯಾರ್ಥಿನಿಯ ಕಾಲು ಅಷ್ಟು ಸುಲಭವಾಗಿ ಮುಂದೆ ಬರುವುದಿಲ್ಲ. ಮೇಲಾಗಿ, ಕಿವಿಯೂ ಅವಳನ್ನು ಮೋಸಗೊಳಿಸುತ್ತದೆ. ಚೀರುವವನ ಕಡೆಗೇ ಯಾರಾದರೂ ಓಡುತ್ತಾರೆ. ಆದರೆ ಚೀರುವವನಿಗೆ ಉಸಿರಿದೆ. ಮೂಲೆಯಲ್ಲಿ ಸದ್ದಿಲ್ಲದೆ ಮಲಗಿರುವವನಿಗೆ ಅದು ಇರುವುದೋ ಇಲ್ಲವೋ!

ಇದನ್ನು ನಮ್ಮ ಕಾಲೇಜುಗಳು ಕಲಿಸುತ್ತಿಲ್ಲವೆ ಎಂದರೆ, ಕಲಿಸುತ್ತಿವೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ವಿಪತ್ತಿನ ಶುಶ್ರೂಷೆಗೆ ಸ್ಥಾನವಿದೆ. ವಿದ್ಯಾರ್ಥಿನಿಯರು ನಾಲ್ಕು ಬಣ್ಣಗಳನ್ನೂ ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಕೊರತೆ ಇರುವುದು ಅಭ್ಯಾಸದಲ್ಲಿ. ಅನೇಕ ದೇಶಗಳ ಸಮೀಕ್ಷೆಗಳಲ್ಲಿ ವಿದ್ಯಾರ್ಥಿಗಳೇ ಹೇಳಿಕೊಂಡಿರುವುದು ಬಹುಮಟ್ಟಿಗೆ ಒಂದೇ: ಹೋಗಲು ಮನಸ್ಸಿದೆ, ಪಾಠವೂ ಗೊತ್ತಿದೆ, ಧೈರ್ಯ ಸಾಲದು. ಸಹಪಾಠಿಗಳ ಮೈಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಲಕ್ಷಣಗಳ ಚೀಟಿ ಕಟ್ಟಿ, ಅಂಗಳದಲ್ಲಿ ಮಲಗಿಸಿ ನಡೆಸುವ ಅಣಕು ಕಾರ್ಯಾಚರಣೆ ಇದಕ್ಕೆ ಒಳ್ಳೆಯ ಮದ್ದು. ಆದರೆ ವಾರದ ಮುಂಚೆಯೇ ದಿನ ಗೊತ್ತುಮಾಡಿ, ಅತಿಥಿಗಳಿಗೆ ಕುರ್ಚಿ ಹಾಕಿ, ಛಾಯಾಚಿತ್ರ ತೆಗೆಸಿ ಮುಗಿಸಿದರೆ ಅದು ವಾರ್ಷಿಕೋತ್ಸವದ ಮತ್ತೊಂದು ನಾಟಕವಾದೀತೇ ಹೊರತು ಅಭ್ಯಾಸವಾಗದು.

ಪಠ್ಯಪುಸ್ತಕದಲ್ಲಿ ಇನ್ನೂ ಕಡಿಮೆ ಜಾಗ ಪಡೆದ ವಿಷಯವೊಂದಿದೆ. ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ಮಂಗಳೂರು ಅದನ್ನು ಕಣ್ಣಾರೆ ಕಂಡಿತು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿದು, ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು 8 ಮಂದಿ ಮಾತ್ರ. ಅಂಥ ದಿನ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸ ಬೇಗ ಮುಗಿಯುತ್ತದೆ. ಮುಗಿಯದೆ ಉಳಿಯುವುದು ವೆನ್‌ಲಾಕ್ ಆಸ್ಪತ್ರೆಯ ಶವಾಗಾರದ ಮುಂದೆ ಕಾದುನಿಂತಂಥವರ ಆರೈಕೆ. ಸುಟ್ಟ ದೇಹಗಳ ಗುರುತು ಹಿಡಿಯಲು ಡಿ.ಎನ್.ಎ. ಪರೀಕ್ಷೆಯ ಮೊರೆಹೊಗಬೇಕಾಯಿತು, ಕೊನೆಗೂ ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣುಮಾಡಲಾಯಿತು. ಮಗನ ಉಂಗುರವೊಂದರ ಗುರುತು ಹೇಳಿ ಉತ್ತರಕ್ಕಾಗಿ ಕಾಯುವ ತಾಯಿಯ ಪಕ್ಕದಲ್ಲಿ ಕುಳಿತವಳು ಏನು ಹೇಳಬೇಕು, ಏನು ಹೇಳಬಾರದು? ‘ಎಲ್ಲವೂ ಸರಿಹೋಗುತ್ತದೆ’ ಎಂಬ ಸುಳ್ಳಿಗಿಂತ ಒಂದು ಲೋಟ ನೀರು ಮೇಲೆಂಬುದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ.

ವಿದ್ಯಾರ್ಥಿಗಳನ್ನು ಇದಕ್ಕೆಲ್ಲ ಎಳೆಯುವುದೇತಕ್ಕೆ, ಓದು ಮುಗಿಸಿದವರಿಲ್ಲವೆ ಎಂದು ಹೆತ್ತವರು ಕೇಳುವುದು ಸಹಜ. ಉತ್ತರವನ್ನು 2021 ಕೊಟ್ಟಿತು. ಕೋವಿಡ್ಡಿನ ಎರಡನೆಯ ಅಲೆ ಏರಿದ್ದಾಗ, ಆ ವರ್ಷದ ಮೇ 3ರಂದು, ಕೊನೆಯ ಪರೀಕ್ಷೆಗೆ ಕಾದಿದ್ದ ಜಿ.ಎನ್.ಎಂ. ಹಾಗೂ ಬಿ.ಎಸ್ಸಿ. ವಿದ್ಯಾರ್ಥಿಗಳನ್ನೂ ಹಿರಿಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಸೇವೆಗೆ ಬಳಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ನೂರು ದಿನ ಸೇವೆ ಸಲ್ಲಿಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯ ಭರವಸೆಯೂ ಇತ್ತು. ವಿಪತ್ತು ಪ್ರಮಾಣಪತ್ರವನ್ನು ಕೇಳಿಕೊಂಡು ಬರುವುದಿಲ್ಲ.

ಆಸ್ಪತ್ರೆಯ ಗೋಡೆ ನಿಂತಿರುತ್ತದೆಂಬ ನೆಚ್ಚಿಕೆಯೂ ಇಲ್ಲ. 2001ರ ಜನವರಿ 26ರ ಬೆಳಗ್ಗೆ ಭುಜ್‌ನಲ್ಲಿ ಭೂಮಿ ನಡುಗಿದಾಗ ಊರಿನ ಸರ್ಕಾರಿ ಆಸ್ಪತ್ರೆಯೇ ಕುಸಿಯಿತು. ಗಾಯಾಳುಗಳಿಗೆ ಬಯಲಿನಲ್ಲಿ ಚಿಕಿತ್ಸೆ ನಡೆಯಿತು. ಜಪಾನೀಯರು ಇಂಥ ಪೆಟ್ಟಿನಿಂದ ಪಾಠವನ್ನೇ ತಿದ್ದಿಕೊಂಡರು. 1995ರ ಜನವರಿಯಲ್ಲಿ ಕೋಬೆ ನಗರದ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಮೂರೇ ವರ್ಷದಲ್ಲಿ, 1998ರಲ್ಲಿ, ವಿಪತ್ತು ಶುಶ್ರೂಷೆಗೆಂದೇ ಅಲ್ಲಿ ಒಂದು ವಿದ್ವತ್ಸಂಘ ಹುಟ್ಟಿತು. 2009ರ ಹೊತ್ತಿಗೆ ವಿಷಯವು ಮೂಲಶಿಕ್ಷಣದೊಳಕ್ಕೇ ಬಂದಿತು. ನಮ್ಮಲ್ಲಿ ಭೂಮಿ ಅಷ್ಟು ಬಾರಿ ನಡುಗದಿರಬಹುದು. ಪ್ರವಾಹ, ಭೂಕುಸಿತ, ಬೆಂಕಿ, ಜಾತ್ರೆಯ ನೂಕುನುಗ್ಗಲುಗಳಿಗೇನೂ ಬರಗಾಲವಿಲ್ಲ.

ಮಗಳನ್ನೋ ಮಗನನ್ನೋ ನರ್ಸಿಂಗ್ ಕಾಲೇಜಿಗೆ ಸೇರಿಸಲು ಹೋದ ತಂದೆತಾಯಿಯರು ಶುಲ್ಕವನ್ನು ಕೇಳುತ್ತಾರೆ, ವಸತಿಗೃಹದ ಊಟವನ್ನು ಕೇಳುತ್ತಾರೆ, ವಿದೇಶದ ಕೆಲಸದ ಮಾತನ್ನೂ ಎತ್ತುತ್ತಾರೆ. ಇನ್ನೂ ಕೆಲವನ್ನು ಕೇಳಬಹುದು. ವರ್ಷಕ್ಕೆ ಎಷ್ಟು ಸಲ ಮುನ್ಸೂಚನೆಯಿಲ್ಲದೆ ಅಣಕು ಕಾರ್ಯಾಚರಣೆ ನಡೆಯುತ್ತದೆ? ಧನುರ್ವಾಯು, ಹೆಪಟೈಟಿಸ್-ಬಿ ಲಸಿಕೆ ಹಾಕಿಸಿದ್ದೀರಾ? ವಾರ್ಡಿನಲ್ಲಿ ಬೆಂಕಿ ಬಿದ್ದರೆ ರಾತ್ರಿ ಪಾಳಿಯ ಹುಡುಗಿಗೆ ಹೊರಹೋಗುವ ದಾರಿ ಗೊತ್ತೆ? ಪ್ರಾಂಶುಪಾಲರು ಗೋಡೆಯ ಮೇಲಿನ ನಕ್ಷೆಯತ್ತ ಬೆರಳು ತೋರಿದರೆ, ನಕ್ಷೆಯಲ್ಲಿರುವ ಹಿಂಬಾಗಿಲಿನ ಬೀಗದ ಕೈ ರಾತ್ರಿಯ ಹೊತ್ತು ಯಾರ ಬಳಿ ಇರುತ್ತದೆಂಬುದನ್ನೂ ಕೇಳಿಬಿಡಬಹುದು.