ತಲೆಗೆ 423 ಡಾಲರ್

1838ರ ಜೂನ್ 19ರಂದು ಅಮೆರಿಕದ ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು ಒಂದು ಕ್ರಯಪತ್ರ ಮಾಡಿಕೊಟ್ಟರು. ಮಾರಿದ್ದು 272 ಜನರನ್ನು. ಒಟ್ಟು ಬೆಲೆ 1,15,000 ಡಾಲರ್. ಭಾಗಿಸಿ ನೋಡಿ, ತಲೆಗೆ 423 ಡಾಲರ್ ಕೂಡ ತುಂಬುವುದಿಲ್ಲ.

ಆ ಹಣದ ಮೇಲೆ ಕಣ್ಣಿಟ್ಟಿದ್ದು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಕಾಲೇಜು, ಇಂದಿನ ಹೆಸರಾಂತ ವಿಶ್ವವಿದ್ಯಾಲಯ. 1789ರಲ್ಲಿ ಬಿಷಪ್ ಜಾನ್ ಕ್ಯಾರಲ್ ಅದನ್ನು ಸ್ಥಾಪಿಸಿದಾಗಲೇ ಪಾದ್ರಿಗಳ ತೋಟಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಮುಂದೆ ಅಧ್ಯಕ್ಷನಾದ ಥಾಮಸ್ ಮಲೆಡಿ ಕಟ್ಟಡದ ಮೇಲೆ ಕಟ್ಟಡ ಎಬ್ಬಿಸಿ ಕಾಲೇಜನ್ನು ಸಾಲಕ್ಕೆ ನೂಕಿದ. ಮಾರಾಟ ಕುದುರಿಸಿದವನೂ ಅವನೇ.

ಕ್ರಯಪತ್ರದಲ್ಲಿರುವ ಹೆಸರುಗಳ ಪಟ್ಟಿಯನ್ನು ಓದುವಾಗ ಕೈ ನಡುಗುತ್ತದೆ. ಮೊದಲ ಹೆಸರು ಐಸಾಕ್, 65 ವರ್ಷ. ಅದರ ಕೆಳಗೆ ಅವನ ಹಿರಿಯ ಮಗ ಚಾರ್ಲ್ಸ್, 40. ಹೀಗೇ ಮಕ್ಕಳು, ಮೊಮ್ಮಕ್ಕಳು. ಎರಡು ತಿಂಗಳ ಹಸುಗೂಸನ್ನೂ ಬಿಟ್ಟಿಲ್ಲ. ಇವರಿಗೆಲ್ಲ ದೀಕ್ಷಾಸ್ನಾನ ಮಾಡಿಸಿದವರು ಇದೇ ಪಾದ್ರಿಗಳು!

ಕುಟುಂಬಗಳನ್ನು ಒಡೆಯಬಾರದು, ಬಂದ ಹಣದಲ್ಲಿ ಸಾಲ ತೀರಿಸಬಾರದು ಎಂದು ರೋಮ್ ಷರತ್ತು ಹಾಕಿತ್ತು. ಎರಡನ್ನೂ ಗಾಳಿಗೆ ತೂರಿದರು. ಮುಂಗಡವಾಗಿ ಬಂದ 25,000 ಡಾಲರ್‌ನಲ್ಲಿ 17,000 ಕಾಲೇಜಿನ ಸಾಲಕ್ಕೇ ಹೋಯಿತು. ಅಂದರೆ ನೂರಕ್ಕೆ 68. ಕೆಲವರು ಕಾಡು ಸೇರಿ ತಪ್ಪಿಸಿಕೊಂಡರು. ಉಳಿದ ಹೆಚ್ಚಿನವರನ್ನು ಹಡಗು ಹತ್ತಿಸಿ, ಸಾವಿರ ಮೈಲಿಗೂ ಆಚೆಯ ಲೂಯಿಸಿಯಾನದ ಕಬ್ಬು, ಹತ್ತಿಯ ತೋಟಗಳಿಗೆ ಸಾಗಿಸಿದರು. ಕ್ಯಾಥರೀನ್ ಜಾಕ್ಸನ್ ಎಂಬ ಒಂದೇ ಹಡಗಿನಲ್ಲಿ ಸುಮಾರು 130 ಜನ.

ಮಲೆಡಿಯ ಹೆಸರು ಹೊತ್ತಿದ್ದ ಕಟ್ಟಡಕ್ಕೆ ಪಟ್ಟಿಯ ಮೊದಲಿಗ ಐಸಾಕ್ ಹಾಕಿನ್ಸನ ಹೆಸರು ಬರಲು 2017 ಬೇಕಾಯಿತು. ಅಲ್ಲಿಗೆ 179 ವರ್ಷ. 2019ರಲ್ಲಿ ವಿದ್ಯಾರ್ಥಿಗಳೇ ಮುಂದೆ ಬಂದು, ಮಾರಾಟವಾದವರ ವಂಶಸ್ಥರಿಗಾಗಿ ಪ್ರತಿ ಸೆಮಿಸ್ಟರ್‌ಗೆ ತಲಾ 27.20 ಡಾಲರ್ ಕೊಡುತ್ತೇವೆಂದು ಮೂರನೇ ಎರಡರಷ್ಟು ಮತಗಳಿಂದ ತೀರ್ಮಾನಿಸಿದರು. 272ರ ನೆನಪಿಗೆ ಆ ಮೊತ್ತ. ಆ ಹುಡುಗ ಹುಡುಗಿಯರ ಬಗ್ಗೆ ನನಗೆ ತುಂಬು ಗೌರವ. ವಿಶ್ವವಿದ್ಯಾಲಯ ಆ ಶುಲ್ಕವನ್ನು ಒಪ್ಪಲಿಲ್ಲ. ಬದಲಿಗೆ ವಂಶಸ್ಥರ ಸಮುದಾಯಗಳ ಕೆಲಸಕ್ಕೆ ವರ್ಷಕ್ಕೆ 4,00,000 ಡಾಲರ್‌ನ ನಿಧಿ ಘೋಷಿಸಿತು.

ಇದುವರೆಗೆ ಪತ್ತೆಯಾದ ವಂಶಸ್ಥರು 8,000ಕ್ಕೂ ಹೆಚ್ಚು. ಲೆಕ್ಕ ಹಾಕಿದರೆ ತಲೆಗೆ ವರ್ಷಕ್ಕೆ 50 ಡಾಲರ್ ಕೂಡ ಬರುವುದಿಲ್ಲ. ಇದು ಸಾಲದು.