ಅಡುಗೆಮನೆಯ ವಿಡಿಯೋ: ಯಾವ ಫೈಲಿನಲ್ಲಿ ಇಡಬೇಕು, ಯಾವುದರಲ್ಲಿ ಕಳಿಸಬೇಕು?



ಹಿಂದೆಲ್ಲ ಮದುವೆ, ಉಪನಯನದ ಪಾರ್ಟಿಯವರು ಬಂದರೆ ಮೆನು ಪಟ್ಟಿ ಕೇಳುತ್ತಿದ್ದರು. ಹೆಚ್ಚೆಂದರೆ ಫೋಟೋ ಆಲ್ಬಮ್ ತಿರುವಿ ನೋಡುತ್ತಿದ್ದರು. ಈಗ ಕುಳಿತ ಕೂಡಲೇ "ನಿಮ್ಮ ವಿಡಿಯೋ ಇದೆಯೇ?" ಎಂದು ಕೇಳುತ್ತಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿರುವ ನಮ್ಮವರು ಅನೇಕರು ಬಾಳೆ ಎಲೆಯ ಊಟ ಬಡಿಸುವ ಕ್ರಮ, ಹೋಳಿಗೆ ಬೇಯಿಸುವ ಬಗೆ, ಹುಳಿಗೆ ಒಗ್ಗರಣೆ ಹಾಕುವುದು ಇವನ್ನೆಲ್ಲ ಮೊಬೈಲಿನಲ್ಲಿ ತೆಗೆದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಸಂತೋಷದ ವಿಷಯ. ಆದರೆ ತೆಗೆದ ವಿಡಿಯೋ ಎಲ್ಲ ಕಡೆ ಓಡುತ್ತದೆಯೇ, ಹತ್ತು ವರ್ಷದ ನಂತರವೂ ತೆರೆಯುತ್ತದೆಯೇ ಎಂದು ನಾವು ಯೋಚಿಸುವುದು ಕಡಿಮೆ.

ಈ ವಿಷಯದಲ್ಲಿ ನಾನು ಎರಡು ಸಲ ಪೆಟ್ಟು ತಿಂದಿದ್ದೇನೆ. ಅದನ್ನು ಹೇಳಿಯೇ ಮುಂದುವರಿಯುತ್ತೇನೆ.

ಮೊದಲನೆಯದು: ದೊಡ್ಡದೊಂದು ಮದುವೆಯ ಆರ್ಡರ್. ಹೆಣ್ಣಿನ ಕಡೆಯ ಹಿರಿಯರು ನಮ್ಮ ಹಿಂದಿನ ಕೆಲಸ ನೋಡಬೇಕೆಂದರು. ಹೊಸ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಅವರ ಮನೆಯ ಕಂಪ್ಯೂಟರಿನಲ್ಲಿ ಹಾಕಿದರೆ ಪರದೆ ಕಪ್ಪು! ಸಾಸಿವೆ ಸಿಡಿಯುವ ಸದ್ದು ಮಾತ್ರ ಕೇಳಿಸಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆರ್ಡರ್ ಮಾತ್ರ ಬೇರೆಯವರ ಪಾಲಾಯಿತು.

ಎರಡನೆಯದು ನಗುವ ವಿಷಯವಲ್ಲ. ನಮ್ಮಲ್ಲಿ ಬಹುಕಾಲ ಇದ್ದ ಹಿರಿಯ ಭಟ್ಟರು ಮೈಸೂರು ಪಾಕ್ ಮಾಡುವುದನ್ನು ಒಮ್ಮೆ ಪೂರ್ತಿಯಾಗಿ ಚಿತ್ರೀಕರಿಸಿದ್ದೆ. ಮೊಬೈಲಿನಲ್ಲಿ ಜಾಗ ತುಂಬಿತೆಂದು, ಅದನ್ನು ಸಂದೇಶದ ಮೂಲಕ ಮಗನಿಗೆ ಕಳಿಸಿ, ಮೂಲ ಪ್ರತಿಯನ್ನು ಅಳಿಸಿಬಿಟ್ಟೆ. ಭಟ್ಟರು ಈಗಿಲ್ಲ. ಉಳಿದಿರುವುದು ಕುಗ್ಗಿಸಿದ ಸಣ್ಣ ಪ್ರತಿ. ಅದರಲ್ಲಿ ಭಟ್ಟರ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಆದರೆ ಎರಡು ಬೆರಳಿನ ನಡುವೆ ಎಳೆದು ತೋರಿಸಿದ ಪಾಕದ ಎಳೆ ಕಾಣುವುದಿಲ್ಲ. ಕಲಿಯಬೇಕಾಗಿದ್ದದ್ದು ಅದೊಂದೇ.

ಡಬ್ಬಿ ಬೇರೆ, ಒಳಗಿನ ಪದಾರ್ಥ ಬೇರೆ

ವಿಡಿಯೋ ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4, ಎಂಓವಿ, ಎವಿಐ ಎಂದೆಲ್ಲ ಇರುತ್ತದೆ. ಇದು ಡಬ್ಬಿಯ ಹೆಸರು. ಒಂದೇ ಬಗೆಯ ಡಬ್ಬಿಯಲ್ಲಿ ಬಿಸಿಬೇಳೆಬಾತೂ ಇರಬಹುದು, ಮೊಸರನ್ನವೂ ಇರಬಹುದು. ಹಾಗೆಯೇ ಡಬ್ಬಿಯೊಳಗೆ ಚಿತ್ರವನ್ನು ಯಾವ ವಿಧಾನದಿಂದ ಕುಗ್ಗಿಸಿ ತುಂಬಿದ್ದಾರೆ ಎನ್ನುವುದು ಬೇರೆಯೇ ಸಂಗತಿ. ಆ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಚಿತ್ರಕ್ಕೆ ಒಂದು ಕೋಡೆಕ್, ಧ್ವನಿಗೆ ಇನ್ನೊಂದು.

ನೋಡುವವರ ಕಂಪ್ಯೂಟರಿಗೆ ಡಬ್ಬಿ ತೆಗೆಯಲು ಬಂದರೆ ಸಾಲದು, ಒಳಗಿನ ಕೋಡೆಕ್ ಕೂಡ ಗೊತ್ತಿರಬೇಕು. ನನ್ನ ಪೆನ್‌ಡ್ರೈವಿನಲ್ಲಿ ಆದದ್ದು ಇದೇ. ಧ್ವನಿಯ ಕೋಡೆಕ್ ಅದಕ್ಕೆ ಗೊತ್ತಿತ್ತು, ಚಿತ್ರದ್ದು ಗೊತ್ತಿರಲಿಲ್ಲ. ಕೆಲವರು ಫೈಲಿನ ಹೆಸರಿನಲ್ಲಿ ಎಂಓವಿ ಅಳಿಸಿ ಎಂಪಿ4 ಎಂದು ಬರೆಯುತ್ತಾರೆ. ಮುಚ್ಚಳದ ಚೀಟಿ ಬದಲಾಯಿಸಿದರೆ ಒಳಗಿನ ಅಡುಗೆ ಬದಲಾಗುವುದಿಲ್ಲ.

ಯಾವುದನ್ನು ಆರಿಸಬೇಕು?

ಚಾಲ್ತಿಯಲ್ಲಿರುವ ಕೋಡೆಕ್‌ಗಳಲ್ಲಿ ನಮಗೆ ಬೇಕಾದವು ಎರಡು. ಒಂದು ಎಚ್.264, 2003ರಲ್ಲಿ ಬಂದದ್ದು. ಮೊಬೈಲ್, ಕಂಪ್ಯೂಟರ್, ಟಿವಿ, ಬ್ರೌಸರ್ ಹೆಚ್ಚುಕಡಿಮೆ ಎಲ್ಲವೂ ಇದನ್ನು ಬಲ್ಲವು. ಇನ್ನೊಂದು ಎಚ್‌ಇವಿಸಿ, ಅಂದರೆ ಎಚ್.265; 2013ರದು. ಅದೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಆದರೆ ಹಳೆಯ ಕಂಪ್ಯೂಟರ್, ಹಳೆಯ ಟಿವಿಗಳಿಗೆ ಇದು ಅರ್ಥವಾಗದು. 2017ರಿಂದೀಚೆಗೆ ಐಫೋನ್‌ಗಳು ಇದರಲ್ಲೇ ಚಿತ್ರೀಕರಿಸತೊಡಗಿದವು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಈ ಆಯ್ಕೆ ಇದೆ. ನಾವು ಗಮನಿಸದೆ ಅದರಲ್ಲೇ ತೆಗೆದಿರುತ್ತೇವೆ.

ಇವಲ್ಲದೆ ಗೂಗಲ್ 2010ರಲ್ಲಿ ತಂದ ವೆಬ್‌ಎಂ, 2018ರ ಎವಿ1 ಇವೆ. ಯೂಟ್ಯೂಬ್ ತನ್ನ ಕಡೆಯಲ್ಲಿ ಇಂಥವನ್ನು ಬಳಸಿಕೊಳ್ಳುತ್ತದೆ, ನಾವು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಆದ್ದರಿಂದ ಅಂತರಜಾಲಕ್ಕೆ ಹಾಕಲು, ಪಾರ್ಟಿಯವರಿಗೆ ಕೊಡಲು ನನ್ನ ಸಲಹೆ ಒಂದೇ: ಡಬ್ಬಿ ಎಂಪಿ4, ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ. ಯೂಟ್ಯೂಬ್ ಕೂಡ ಇದನ್ನೇ ಶಿಫಾರಸು ಮಾಡುತ್ತದೆ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಕ್ಯಾಮರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಫೋನ್ ಎಚ್.264ರಲ್ಲೇ ತೆಗೆಯುತ್ತದೆ. ಫೈಲಿನ ಹೆಸರು ಎಂಓವಿ ಎಂದೇ ಇದ್ದರೂ ಒಳಗಿನ ಪದಾರ್ಥ ಎಲ್ಲರೂ ಉಣ್ಣುವಂಥದ್ದು.

ಈಗಾಗಲೇ ಬೇರೆ ರೂಪದಲ್ಲಿ ತೆಗೆದಿದ್ದರೆ ಚಿಂತೆಯಿಲ್ಲ. ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಪರಿವರ್ತಿಸಬಹುದು. ಅದರಲ್ಲಿ 'ಫಾಸ್ಟ್ 1080ಪಿ30' ಎಂಬ ಸಿದ್ಧ ಆಯ್ಕೆ ನಮ್ಮ ಕೆಲಸಕ್ಕೆ ಸಾಕು. ನಿಮ್ಮದೇ ವೆಬ್‌ಸೈಟಿಗೆ ಹಾಕುವುದಾದರೆ 'ವೆಬ್ ಆಪ್ಟಿಮೈಸ್ಡ್' ಎಂಬಲ್ಲಿ ಗುರುತು ಹಾಕಿ. ಆಗ ಫೈಲ್ ಪೂರ್ತಿ ಇಳಿಯುವವರೆಗೆ ಕಾಯದೆ ವಿಡಿಯೋ ಶುರುವಾಗುತ್ತದೆ.

ಅಳತೆಯ ಲೆಕ್ಕ

ಸಾವಿರ ಎಲೆಗೆ ಎಷ್ಟು ಅಕ್ಕಿ ಎಂದು ಲೆಕ್ಕ ಹಾಕುವ ನಮಗೆ ಇದು ಕಷ್ಟವಲ್ಲ. 1080ಪಿ ಚಿತ್ರಕ್ಕೆ, ಸೆಕೆಂಡಿಗೆ 30 ಫ್ರೇಮ್ ವರೆಗೆ, ಯೂಟ್ಯೂಬ್ ಹೇಳುವ ಪ್ರಮಾಣ ಸೆಕೆಂಡಿಗೆ 8 ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್. ಅಂದರೆ ಸೆಕೆಂಡಿಗೆ 1 ಎಂಬಿ, ನಿಮಿಷಕ್ಕೆ 60 ಎಂಬಿ. 5 ನಿಮಿಷದ ವಿಡಿಯೋ 300 ಎಂಬಿ. 720ಪಿಗೆ ಸೆಕೆಂಡಿಗೆ 5 ಮೆಗಾಬಿಟ್. ಅದೇ 5 ನಿಮಿಷಕ್ಕೆ ಸುಮಾರು 190 ಎಂಬಿ. ಸಾಮಾನ್ಯ ಕೆಲಸಕ್ಕೆ 1080ಪಿ ಧಾರಾಳ ಸಾಕು. ಪಾಕದ ಎಳೆ, ಹೂರಣದ ಹದ ಇಂಥ ಸೂಕ್ಷ್ಮಗಳನ್ನು ದಾಖಲಿಸುವಾಗ ಮಾತ್ರ 4ಕೆ ಬಳಸಿ.

ಪೆನ್‌ಡ್ರೈವಿಗೆ ಹಾಕುವವರಿಗೆ ಇನ್ನೊಂದು ಮಾತು. ಫ್ಯಾಟ್32 ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹಿಡಿಸುವುದಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ.

ಮತ್ತೆ ಮತ್ತೆ ಬಿಸಿ ಮಾಡಬೇಡಿ

ಒಮ್ಮೆ ಕುಗ್ಗಿಸಿದ ವಿಡಿಯೋವನ್ನು ಪುನಃ ಕುಗ್ಗಿಸಿದಾಗಲೆಲ್ಲ ಒಂದಿಷ್ಟು ವಿವರ ಕಳೆದುಹೋಗುತ್ತದೆ. ಅದು ಮತ್ತೆ ಬಾರದು. ಮಧ್ಯಾಹ್ನದ ಸಾರನ್ನು ಮೂರು ಸಲ ಬಿಸಿ ಮಾಡಿದ ಹಾಗೆ. ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಕುಗ್ಗಿಯೇ ಹೋಗುತ್ತದೆ; 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದ ಹಾಗೆಯೇ ಹೋಗುತ್ತದೆ. ಯೂಟ್ಯೂಬಿಗೆ ಹಾಕಿದ್ದೇವಲ್ಲ ಎಂದು ಮೂಲವನ್ನು ಅಳಿಸುವುದೂ ತಪ್ಪೇ. ಅಲ್ಲಿಂದ ವಾಪಸು ಇಳಿಸಿಕೊಂಡರೆ ಸಿಗುವುದು ಅವರು ಮತ್ತೆ ಕುಗ್ಗಿಸಿದ ಪ್ರತಿ.

ರೂಪಗಳಿಗೂ ಆಯುಸ್ಸಿದೆ ಎಂಬುದನ್ನು ಮರೆಯಬಾರದು. ಒಂದು ಕಾಲಕ್ಕೆ ಅಂತರಜಾಲದ ವಿಡಿಯೋ ಎಂದರೆ ಫ್ಲ್ಯಾಶ್, ಅದರ ಎಫ್‌ಎಲ್‌ವಿ ಫೈಲುಗಳು. ಆ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. ಹಳೆಯ ಎಫ್‌ಎಲ್‌ವಿ, 3ಜಿಪಿ, ಎವಿಐ ಫೈಲುಗಳು ನಿಮ್ಮಲ್ಲಿದ್ದರೆ ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ಇಂದೂ ನೋಡಬಹುದು. ಈಗಲೇ ಎಂಪಿ4 ಪ್ರತಿ ಮಾಡಿಕೊಳ್ಳಿ, ಮೂಲವನ್ನೂ ಇಟ್ಟುಕೊಳ್ಳಿ.

ಚಿತ್ರೀಕರಣ ನಡುವೆ ನಿಂತರೆ

ಎಂಪಿ4 ಫೈಲಿನಲ್ಲಿ ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ, ಕೊನೆಯಲ್ಲಿ ಬರೆಯಲಾಗುತ್ತದೆ. ಅಷ್ಟರಲ್ಲಿ ಬ್ಯಾಟರಿ ಮುಗಿದರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಆದ್ದರಿಂದ ಎರಡು ಗಂಟೆಯ ಅಡುಗೆಯನ್ನು ಒಂದೇ ಫೈಲಿನಲ್ಲಿ ತೆಗೆಯಬೇಡಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ. ಹೋದರೆ ಒಂದು ತುಂಡು ಹೋಗುತ್ತದೆ, ಉಳಿದದ್ದು ಉಳಿಯುತ್ತದೆ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು:

1. ಕೊಡುವ ಪ್ರತಿ: ಎಂಪಿ4, ಎಚ್.264, ಎಎಸಿ, 1080ಪಿ.

2. ಇಡುವ ಪ್ರತಿ: ಫೋನಿನಿಂದ ಬಂದ ಮೂಲ ಫೈಲ್, ಯಾವ ಬದಲಾವಣೆಯೂ ಇಲ್ಲದೆ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ.

3. ಪಾರ್ಟಿಯವರ ಮನೆಗೆ ಹೊರಡುವ ಮುನ್ನ ಬೇರೊಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು. ರುಚಿ ನೋಡದೆ ನಾವು ಪಂಕ್ತಿಗೆ ಬಡಿಸುತ್ತೇವೆಯೇ?

4. ಫೈಲಿಗೆ ತಿಂಡಿಯ ಹೆಸರು, ಭಟ್ಟರ ಹೆಸರು, ತಾರೀಖು ಬರೆದಿಡುವುದು.

ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಎಷ್ಟೋ ಹಿರಿಯ ಭಟ್ಟರು ಇದ್ದಾರೆ. ಅವರ ಕೈಯಳತೆ, ಕಣ್ಣಳತೆ ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ಹಬ್ಬದ ಆರ್ಡರಿಗೆ ಒಲೆ ಹಚ್ಚುವ ದಿನವೇ ಒಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಚಿತ್ರೀಕರಿಸಿ. ಜಾಗ ಸಾಲದಿದ್ದರೆ ಹೊಸ ಹಾರ್ಡ್‌ಡಿಸ್ಕ್ ಕೊಳ್ಳಿ, ಮೂಲವನ್ನು ಮಾತ್ರ ಅಳಿಸಬೇಡಿ. ಹಾರ್ಡ್‌ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಭಟ್ಟರು ಎಳೆದು ತೋರಿಸಿದ ಆ ಪಾಕದ ಎಳೆ ನನಗೆ ಇನ್ನು ಸಿಗುವುದಿಲ್ಲ.