ಪ್ರಾಚೀನ ನಾಣ್ಯ ಯಾರದು? ಗುರುತಿಗೆ ನೆಚ್ಚಬಹುದಾದ ಆಕರಗಳು

ಪ್ರಾಚೀನ ನಾಣ್ಯವನ್ನು ಗುರುತಿಸುವುದೆಂದರೆ ಅದನ್ನು ಹೊರಡಿಸಿದವರು ಯಾರು, ಎಲ್ಲಿ, ಸುಮಾರು ಯಾವ ಕಾಲದಲ್ಲಿ ಎಂಬುದನ್ನು ಇನ್ನೊಬ್ಬರೂ ಪರೀಕ್ಷಿಸಿ ನೋಡಬಹುದಾದ ಆಧಾರದೊಂದಿಗೆ ಹೇಳುವುದು. ಆ ಆಧಾರ ದೊರೆಯುವುದು ವಿದ್ವಾಂಸರು ಸಿದ್ಧಪಡಿಸಿದ ಕ್ಯಾಟಲಾಗುಗಳಲ್ಲಿ, ನಿಧಿ ಮತ್ತು ಉತ್ಖನನದ ವರದಿಗಳಲ್ಲಿ, ವಸ್ತುಸಂಗ್ರಹಾಲಯಗಳ ದಾಖಲೆಗಳಲ್ಲಿ. ಅಂತರ್ಜಾಲದಲ್ಲಿ ನಾಣ್ಯಗಳ ಚಿತ್ರಕ್ಕೇನೂ ಬರವಿಲ್ಲ. ಆದರೆ ಒಬ್ಬ ಮಾರಾಟಗಾರ ಕೊಟ್ಟ ಹೆಸರನ್ನೇ ಉಳಿದವರು ಎತ್ತಿ ಬರೆದಿರುತ್ತಾರೆ. ಹತ್ತು ಕಡೆ ಕಂಡ ಮಾತಿಗೆ ಹತ್ತು ಸಾಕ್ಷಿಗಳಿವೆ ಎನಿಸುತ್ತದೆ. ಹುಡುಕುತ್ತ ಹೋದರೆ ಮೂಲ ಒಂದೇ, ಅದಕ್ಕೂ ಆಧಾರವಿಲ್ಲ.

ಪುಸ್ತಕ ತೆರೆಯುವ ಮೊದಲು ನಾಣ್ಯವನ್ನು ಸರಿಯಾಗಿ ದಾಖಲಿಸಿಕೊಳ್ಳಬೇಕು. ಲೋಹ, ಅಡ್ಡಳತೆ, ಗ್ರಾಮಿನ ನೂರನೇ ಒಂದು ಭಾಗದವರೆಗಿನ ತೂಕ, ಎರಡೂ ಬದಿಯ ಚಿತ್ರ, ಉಳಿದಿರುವ ಅಕ್ಷರ ಇಷ್ಟನ್ನು ಬರೆದಿಡಬೇಕು. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳುವಂತೆ ಫೋಟೊ ತೆಗೆದರೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು ಮಾತ್ರ ಬೇಡವೇ ಬೇಡ. ಸೀಸದಂಥ ಮೆತ್ತನೆಯ ಲೋಹದ ಮೇಲೆ ಎರಡು ಸಾವಿರ ವರ್ಷ ಉಳಿದ ಅಕ್ಷರ ಎರಡು ನಿಮಿಷದಲ್ಲಿ ಅಳಿಸಿಹೋಗುತ್ತದೆ. ಹಳೆಯ ಬ್ರಿಟಿಷ್ ಕ್ಯಾಟಲಾಗುಗಳು ತೂಕವನ್ನು ಗ್ರೇನ್ ಲೆಕ್ಕದಲ್ಲಿ ಕೊಡುತ್ತವೆ. ಒಂದು ಗ್ರೇನ್ ಎಂದರೆ 0.0648 ಗ್ರಾಂ, 200 ಗ್ರೇನ್ ಎಂದಿದ್ದರೆ ಸುಮಾರು 13 ಗ್ರಾಂ ಎಂದು ತಿಳಿಯಬೇಕು.

ದಕ್ಷಿಣ ಭಾರತದ ನಾಣ್ಯಗಳ ಮೊದಲ ದೊಡ್ಡ ಕೃತಿಗಳಲ್ಲಿ ಒಂದು ವಾಲ್ಟರ್ ಎಲಿಯಟ್ ಅವರದು. ಧಾರವಾಡ ಸೀಮೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದು ಶಾಸನಗಳನ್ನೂ ನಾಣ್ಯಗಳನ್ನೂ ಕೂಡಿಹಾಕಿದ ಅವರ ಪುಸ್ತಕ 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸಾತವಾಹನರಿಗೆ ಮತ್ತು ಪಶ್ಚಿಮ ಕ್ಷತ್ರಪರಿಗೆ ಇ. ಜೆ. ರಾಪ್ಸನ್ 1908ರಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ಮಾಡಿದ ಕ್ಯಾಟಲಾಗ್ ಇಂದಿಗೂ ಮೊದಲು ನೋಡಬೇಕಾದ ಗ್ರಂಥ. ಅದೇ ಮಾಲೆಯಲ್ಲಿ ಜಾನ್ ಆಲನ್ 1936ರಲ್ಲಿ ಪ್ರಾಚೀನ ಭಾರತದ ಸಂಪುಟ ತಂದರು. ಬೆಳ್ಳಿಯ ಆಹತ ನಾಣ್ಯಗಳಲ್ಲಿ ಸೂರ್ಯ, ಆರು ತೋಳಿನ ಚಿಹ್ನೆ ಮುಂತಾದ ಮುದ್ರೆಗಳು ಯಾವ ಗುಂಪಾಗಿ ಬಿದ್ದಿವೆ ಎಂಬುದರ ಮೇಲೆ ವರ್ಗ ನಿರ್ಧಾರವಾಗುತ್ತದೆ. ಮಗಧ-ಮೌರ್ಯ ಸರಣಿಗೆ ಪಿ. ಎಲ್. ಗುಪ್ತ ಮತ್ತು ಟೆರಿ ಹಾರ್ಡೇಕರ್ ಅವರ ಪುಸ್ತಕವಿಲ್ಲದೆ ಆಗದು. ಕರ್ನಾಟಕದ ಮಟ್ಟಿಗೆ ಎ. ವಿ. ನರಸಿಂಹಮೂರ್ತಿ ಅವರ ಅಧ್ಯಯನಗಳೂ ಮೈಕೆಲ್ ಮಿಚಿನರ್ ದಕ್ಷಿಣ ಭಾರತದ ಬಗ್ಗೆ 1998ರಲ್ಲಿ ಪ್ರಕಟಿಸಿದ ಸಂಪುಟಗಳೂ ಕೈಯಳತೆಯಲ್ಲಿರಬೇಕು. ಎಲಿಯಟ್, ರಾಪ್ಸನ್ ಇಬ್ಬರ ಪುಸ್ತಕಗಳೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಇಂಥ ಹಳೆಯ ಗ್ರಂಥವನ್ನು ಎಷ್ಟು ನಂಬಬೇಕು? ಬನವಾಸಿ, ಕಾರವಾರದ ಕಡೆ ಸಿಕ್ಕ ಸೀಸದ ನಾಣ್ಯಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಒಂದು ಬದಿಯಲ್ಲಿ ಕಮಾನು ಕಮಾನಾಗಿ ಪೇರಿಸಿದ ಬೆಟ್ಟದ ಚಿಹ್ನೆ, ಅದರ ಸುತ್ತ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗಿನ ಮರ. ಬರಹದಲ್ಲಿರುವ ರಾಜನ ಹೆಸರನ್ನು ರಾಪ್ಸನ್ ‘ಚುಟುಕಡಾನಂದ’ ಎಂದು ಓದಿದರು. ಮುಂದಿನ ವಿದ್ವಾಂಸರು ಅದನ್ನು ‘ಚುಟುಕುಲಾನಂದ’ ಎಂದು ತಿದ್ದಿದರು. ವ್ಯತ್ಯಾಸ ಎರಡೇ ಅಕ್ಷರದ್ದು. ಸವೆದ ಸೀಸದ ಮೇಲೆ, ಅದೂ ಅಂಚು ಕತ್ತರಿಸಿಹೋದ ನಾಣ್ಯದಲ್ಲಿ, ಇಂಥ ಕಡೆ ಎಂಥವರ ಕಣ್ಣೂ ಮೋಸಹೋಗಬಹುದು. ತಿದ್ದುಪಡಿಗೆ ಬಲ ಬಂದದ್ದು ಕಲ್ಲಿನಿಂದ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಶಾಸನದಲ್ಲಿ ಚುಟುಕುಲಾನಂದ ಸಾತಕರ್ಣಿ ಎಂಬ ಅರಸನ ಹೆಸರು ಇದೆ, ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ.

ಹಾಗೆಂದು ರಾಪ್ಸನ್ನರ ಪುಸ್ತಕವನ್ನು ಬದಿಗಿಡುವಂತಿಲ್ಲ. ಅವರು ಕೊಟ್ಟ ತೂಕ, ಲೋಹದ ವಿವರ, ಅಚ್ಚಿನ ವರ್ಣನೆ, ಪ್ಲಾಸ್ಟರ್ ಎರಕದಿಂದ ತೆಗೆದ ಚಿತ್ರಫಲಕ ಎಲ್ಲವೂ ಈಗಲೂ ಕೆಲಸಕ್ಕೆ ಬರುತ್ತವೆ. ಹಳತಾಗಿರುವುದು ಕೆಲವು ಓದುಗಳು, ರಾಜರ ಅನುಕ್ರಮ ಮತ್ತು ಕಾಲನಿರ್ಣಯ. ಯಾವುದೇ ಕ್ಯಾಟಲಾಗಿನಲ್ಲಿ ಕಂಡದ್ದು ಒಂದು, ಊಹಿಸಿದ್ದು ಇನ್ನೊಂದು. ಎರಡರ ಆಯುಷ್ಯವೂ ಬೇರೆ. ಯಾವ ಗ್ರಂಥ ಎರಡನ್ನೂ ಬೇರೆಬೇರೆಯಾಗಿ ಕಾಣಲು ಬಿಡುತ್ತದೆಯೋ ಅದನ್ನು ನೆಚ್ಚಬಹುದು. ಫಲಕವಿಲ್ಲದೆ, ತೂಕವಿಲ್ಲದೆ, ಬರೀ ರಾಜನ ಹೆಸರು ಮತ್ತು ಬೆಲೆ ಕೊಡುವ ಕೈಪಿಡಿ ಎಷ್ಟೇ ಹೊಸದಾಗಿದ್ದರೂ ಆಕರವಾಗಲಾರದು.

ಕರ್ನಾಟಕದಲ್ಲಿ ಸಿಗುವ ಹೊರನಾಡಿನ ನಾಣ್ಯಗಳಲ್ಲಿ ರೋಮನರವು ಮುಖ್ಯ. ಬೆಂಗಳೂರಿನ ಯಶವಂತಪುರ, ಚಿತ್ರದುರ್ಗದ ಚಂದ್ರವಳ್ಳಿ, ಹಾವೇರಿ ಜಿಲ್ಲೆಯ ಅಕ್ಕಿಆಲೂರುಗಳಲ್ಲಿ ಅವು ದೊರೆತಿವೆ. ದಕ್ಷಿಣ ಭಾರತದಲ್ಲಿ ಮತ್ತೆ ಮತ್ತೆ ಕಾಣಿಸುವ ಬೆಳ್ಳಿಯ ದಿನಾರಿಯಸ್ ಚಕ್ರವರ್ತಿ ಟೈಬೀರಿಯಸನದು: ಮುಂಬದಿಯಲ್ಲಿ ಮಾಲೆ ಧರಿಸಿದ ತಲೆ, ಹಿಂಬದಿಯಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಹೆಂಗಸು. ಇವಕ್ಕೆ ಹತ್ತು ಸಂಪುಟಗಳ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಪ್ರಮಾಣಗ್ರಂಥ. 1923ರಲ್ಲಿ ಆರಂಭವಾದ ಈ ಮಾಲೆಯ ಮೊದಲ ಸಂಪುಟ 1984ರಲ್ಲಿ ಪರಿಷ್ಕಾರಗೊಂಡಿತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಓಕ್ರೆ’ ಎಂಬ ಜಾಲದಾಖಲೆಯಲ್ಲಿ ಈ ವರ್ಗೀಕರಣವನ್ನು ಹುಡುಕಿ ನೋಡಬಹುದು. ಒಂದೊಂದು ಬಗೆಗೂ ಬೇರೆ ಬೇರೆ ಸಂಗ್ರಹಾಲಯಗಳ ನಾಣ್ಯಗಳನ್ನು ಚಿತ್ರ, ತೂಕಗಳೊಂದಿಗೆ ಜೋಡಿಸಲಾಗಿದೆ. ಆದರೆ ಭಾರತದಲ್ಲೇ ರೋಮನ್ ಮಾದರಿ ನೋಡಿ ತಯಾರಿಸಿದ ಅನುಕರಣೆಗಳೂ ಉಂಟು, ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿರುವಂಥವು. ರೋಮನ್ ಟಂಕಸಾಲೆಗಳ ಪಟ್ಟಿಯಲ್ಲಿ ಅವು ಇರುವುದಿಲ್ಲ. ಅಲ್ಲಿ ಬೇಕಾಗುವುದು ಭಾರತದ ಶೋಧಗಳನ್ನೇ ಕುರಿತ ಪೌಲಾ ಟರ್ನರ್ ಅವರ 1989ರ ಅಧ್ಯಯನ.

ಬಿಡಿ ನಾಣ್ಯದ ಒಗಟನ್ನು ಕೆಲವೊಮ್ಮೆ ನಿಧಿಯ ವರದಿಯೇ ಬಿಡಿಸಬೇಕು. ನಾಸಿಕದ ಬಳಿಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಸಾತಕರ್ಣಿ ತನ್ನ ಬೆಟ್ಟದ ಮುದ್ರೆಯನ್ನೂ ಉಜ್ಜಯಿನಿ ಚಿಹ್ನೆಯನ್ನೂ ಮತ್ತೆ ಒತ್ತಿಸಿದ್ದ. ಇಂಥದೊಂದು ನಾಣ್ಯ ಒಂಟಿಯಾಗಿ ಕೈಗೆ ಬಂದರೆ, ಒಬ್ಬನ ಮುಖದ ಮೇಲೆ ಇನ್ನೊಬ್ಬನ ಗುರುತು ಕಂಡು, ಅದು ನಕಲಿ ಎಂದುಕೊಳ್ಳುವುದೇ ಹೆಚ್ಚು. ಇಡೀ ರಾಶಿಯನ್ನು ಎಣಿಸಿ ಬರೆದ ವರದಿ ಓದಿದವರಿಗೆ ಅದು ಸೋತ ದೊರೆಯ ಹಣವನ್ನು ಗೆದ್ದವನು ತನ್ನದಾಗಿಸಿಕೊಂಡ ದಾಖಲೆ ಎಂದು ತಿಳಿಯುತ್ತದೆ.

ಇಂಥ ವರದಿಗಳು ನಿಯತಕಾಲಿಕೆಗಳಲ್ಲಿ ಹುದುಗಿವೆ. 1910ರಲ್ಲಿ ಅಲಹಾಬಾದಿನಲ್ಲಿ ಸ್ಥಾಪನೆಯಾದ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಆಫ್ ಇಂಡಿಯಾ 1939ರಿಂದ ತನ್ನ ಪತ್ರಿಕೆ ಹೊರತರುತ್ತ ಬಂದಿದೆ. ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳಲ್ಲಿ ನಾಣ್ಯಗಳ ಭಾಗಗಳಿವೆ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ನಡೆಸಿದ ಉತ್ಖನನದ ವಿವರವೂ, 1947ರಲ್ಲಿ ಅಲ್ಲೇ ಅಗೆಸಿದ ಮಾರ್ಟಿಮರ್ ವ್ಹೀಲರ್ ‘ಏನ್ಷಂಟ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದ ವರದಿಯೂ ನಾಣ್ಯದ ಕಾಲ ನಿರ್ಣಯಿಸಲು ಬಹಳ ನೆರವಾಗುತ್ತವೆ. ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆ ನಾಣ್ಯ ಸಿಕ್ಕಿತು ಎಂಬುದು ಬೇರೆ ಯಾವ ಕ್ಯಾಟಲಾಗಿನಲ್ಲೂ ಸಿಗದ ಮಾಹಿತಿ.

ಅಸಲಿಯೋ ನಕಲಿಯೋ ಎಂಬ ಪ್ರಶ್ನೆಗೆ ಕ್ಯಾಟಲಾಗ್ ಪೂರ್ತಿ ಉತ್ತರ ಕೊಡದು. ಒಳ್ಳೆಯ ನಕಲಿಗಾರನೂ ಅದೇ ಫಲಕವನ್ನು ನೋಡಿಯೇ ಕೆಲಸ ಮಾಡಿರುತ್ತಾನೆ. ಕೈಯಲ್ಲಿ ಹೊಡೆದ ಎರಡು ನಾಣ್ಯಗಳ ಅಂಚು, ಬಿರುಕು, ಅಚ್ಚು ಜರುಗಿದ ರೀತಿ ತದ್ವತ್ ಒಂದೇ ಆಗಿರುವುದಿಲ್ಲ. ಹಾಗಿದ್ದರೆ ಎರಡರಲ್ಲಿ ಒಂದಾದರೂ ಎರಕ ಹೊಯ್ದದ್ದು. ಬ್ರಿಟಿಷ್ ಮ್ಯೂಸಿಯಂನಂಥ ಸಂಸ್ಥೆಗಳ ಜಾಲದಾಖಲೆಯಲ್ಲಿ ನೋಂದಣಿ ಸಂಖ್ಯೆ ಇರುವ ನಾಣ್ಯಗಳೊಂದಿಗೆ ಹೋಲಿಸಿ ನೋಡುವುದು ಇಲ್ಲಿ ಉಪಯುಕ್ತ.

ಸಿಕ್ಕ ಜಾಗದ ವಿವರ ಕಳೆದುಹೋದರೆ ಯಾವ ಗ್ರಂಥವೂ ಅದನ್ನು ತುಂಬಿಕೊಡಲಾರದು. ಹೊಲ ಉಳುವಾಗ, ಪಾಯ ತೆಗೆಯುವಾಗ ನಾಣ್ಯ ಕಂಡರೆ ಸ್ಥಳ, ಆಳ, ಜೊತೆಗಿದ್ದ ಮಡಕೆ ಎಲ್ಲವನ್ನೂ ಗುರುತುಹಾಕಿಕೊಳ್ಳಬೇಕು. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.